ಸೊಸಿಗೆ ಬೈಯೋಕಿಂತ ಮೊದಲ ಮೀಟರ್ ನೋಡ್ರಿ

ಅಡಿಗಿ, ಹಬ್ಬ, ಮೊಮ್ಮಕ್ಕಳ ಸುದ್ದಿ ಬಿಟ್ಟು ಈ ಸಲ ಇಕಿ ಏನು ಕಾರಿನ ಸುದ್ದಿ ಹಿಡದಾಳ ಅಂತ ನಗಬ್ಯಾಡ್ರಿ. ಇದೂ ಮನಿ ಸುದ್ದೀನ. ನಾನು ಮಾಡಿದ ಒಂದು ತಪ್ಪಿನ ಸುದ್ದಿ.

ನಮ್ಮದು ಮಾವನವರ ಕಾಲದ ಪೆಟ್ರೋಲ್ ಕಾರು. ನಾಕು ಸಿಲಿಂಡರು, ಕಾರ್ಬೊರೇಟರ್. ಅದಕ್ಕ ಆರ್‌ಪಿಎಂ ಮೀಟರ್ ಇರಲಿಲ್ಲ. ಆರ್‌ಪಿಎಂ ಅಂದ್ರ ಇಂಜಿನ್ ಒಂದು ನಿಮಿಷಕ್ಕ ಎಷ್ಟು ಸುತ್ತು ತಿರಗತದ ಅನ್ನೋ ಲೆಕ್ಕ. ಹೋದ ದೀಪಾವಳಿಗೆ ನಮ್ಮ ಮನಿಯವರು ಎಲ್ಲಿಂದೋ ಒಂದು ಹಳೆ ಮೀಟರ್ ತಂದು ಕೂಡಿಸಿದ್ರು. ಗ್ಯಾರೇಜಿನವ ಮುಳ್ಳು ನೋಡಿ, "850ಕ್ಕ ಐಡ್ಲಿಂಗ್ ಇಟ್ಟೇನ್ರಿ, ಬರೋಬ್ಬರಿ ಅದ" ಅಂದ. ಅಲ್ಲಿತನಕ ಅವ ಇಂಜಿನ್ ಸಪ್ಪಳ ಕಿವಿಲೆ ಕೇಳಿ ಇಡತಿದ್ದ.

ಅವತ್ತಿಂದ ಸುರು ಆತು. ಸೊಸಿ ಗಾಡಿ ತಗೊಂಡು ಹೋದ್ರ ಸಿಗ್ನಲ್‌ನ್ಯಾಗ ಇಂಜಿನ್ ಬಂದ್ ಬೀಳತಿತ್ತು. ಒಂದಿನ ಧಾರವಾಡದ ಜುಬಿಲಿ ಸರ್ಕಲ್‌ನ್ಯಾಗ ಎರಡು ಸಲ ಬಂದ್ ಆತು. ಹಿಂದ ಬಸ್ಸಿನವರು, ರಿಕ್ಷಾದವರು ಒಂದ ಸಮ ಹಾರ್ನ್ ಹೊಡದ್ರು. ಮನಿಗೆ ಬಂದು ಕಾರಿನ ಚಾವಿ ಮೊಳಿಗೆ ಹಾಕಿದಾಕಿ ಮೂರು ತಿಂಗಳು ಅದನ್ನ ಮುಟ್ಟಲಿಲ್ಲ. "ಆಕಿಗೆ ಕ್ಲಚ್ ಬಿಡಲಿಕ್ಕೆ ಬರೂದಿಲ್ಲ" ಅಂದ್ರು ನಮ್ಮ ಮನಿಯವರು. "ಹೌದು, ಆಕಿಗೆ ಎಲ್ಲಾದರಾಗೂ ಅವಸರ" ಅಂತ ನಾನೂ ದನಿ ಕೂಡಿಸಿದೆ. ಆ ಮಾತು ನನಗ ಇವತ್ತಿಗೂ ಚುಚ್ಚತದ. ಇವರು ಹೊಡದಾಗ ಯಾಕ ಬಂದ್ ಬೀಳೂದಿಲ್ಲ ಅಂತ ಯಾರೂ ಕೇಳಲಿಲ್ಲ. ಇವರದು ಮೂವತ್ತು ವರ್ಷದ ರೂಢಿ. ಗಾಡಿ ನಿಂತಾಗೂ ಕಾಲು ಆಕ್ಸಿಲರೇಟರ್ ಮ್ಯಾಲೆ ಸಣ್ಣಗ ಒತ್ತಿಕೊಂಡ ಇರತದ.

ನನಗ ಸಂಶಯ ಬಂದದ್ದು ಗ್ವಾಡಿ ಗಡಿಯಾರ ಹೊಂದಸೂ ಮುಂದ. ನಾವು ಸಣ್ಣವರಿದ್ದಾಗ ಆಕಾಶವಾಣಿಯವರು ಪೀಂ ಪೀಂ ಅಂತ ವೇಳೆ ಹೇಳತಿದ್ರು, ಅಪ್ಪ ಕುರ್ಚಿ ಹತ್ತಿ ಮುಳ್ಳು ಸರಸತಿದ್ದ. ಗಡಿಯಾರ ಖರೇ ಹೇಳತದೋ ಸುಳ್ಳು ಹೇಳತದೋ ಅಂತ ಅದೇ ಗಡಿಯಾರನ್ನ ಕೇಳಿದ್ರ ಹೆಂಗ? ಹೊರಗಿನ ಸಾಕ್ಷಿ ಬೇಕು. ಹಂಗಾದ್ರ ಕಾರಿನ ಮುಳ್ಳಿಗೆ ಪೀಂ ಪೀಂ ಯಾವುದು?

"ದೊಡ್ಡವ್ವ, ನಿಮ್ಮ ಮನಿ ಕರೆಂಟ್" ಅಂದ ಡಿಪ್ಲೊಮಾ ಓದಿದ ನನ್ನ ತಂಗಿ ಮಗ.

ನಮ್ಮ ಕರೆಂಟು ಸೆಕೆಂಡಿಗೆ 50 ಸಲ ಹಿಂದ ಮುಂದ ಆಗತದ. 50 ಹರ್ಟ್ಸ್ ಅಂತಾರಲ್ಲ, ಅದ. 2013ರ ಡಿಸೆಂಬರ್ 31ಕ್ಕ ದಕ್ಷಿಣದ ಗ್ರಿಡ್ ಉಳಿದದ್ದಕ್ಕ ಕೂಡಿದ ಮ್ಯಾಲೆ ಇಡೀ ದೇಶಕ್ಕ ಒಂದ ತಾಳ. ಅದು ಹೆಚ್ಚುಕಡಿಮಿ ಆಗೂದು ಭಾಳ ಸ್ವಲ್ಪ. ಇನ್ನ ಇಂಜಿನ್ ಲೆಕ್ಕ. ನಾಕು ಸಿಲಿಂಡರಿನ ಕಾರಿನಾಗ ಎರಡು ಸುತ್ತಿಗೆ ನಾಕು ಕಿಡಿ, ಅಂದ್ರ ಒಂದು ಸುತ್ತಿಗೆ ಎರಡು. ಮೀಟರ್ ಆ ಕಿಡಿ ಎಣಿಸಿ ಸುತ್ತು ತೋರಸತದ. ಸೆಕೆಂಡಿಗೆ 50 ಅಂದ್ರ ನಿಮಿಷಕ್ಕ 3000, ಅದರ ಅರ್ಧ 1500. ಕರೆಂಟಿನ ತಾಳ ಕೊಟ್ರ ಮುಳ್ಳು 1500ಕ್ಕ ನಿಲ್ಲಬೇಕು. ಮೂರು ಸಿಲಿಂಡರಿನ ಕಾರಿನ ಮೀಟರ್ ಆದ್ರ 2000ಕ್ಕ.

ಹುಡುಗ ಮೀಟರ್ ಬಿಚ್ಚಿ ನಮ್ಮ ಊಟದ ಟೇಬಲ್ ಮ್ಯಾಲೆ ಇಟ್ಟ. ಅದು ನಡೀಲಿಕ್ಕೆ 12 ವೋಲ್ಟಿನ ಬ್ಯಾಟರಿ, ಕಿಡಿ ವೈರಿಗೆ ಸಣ್ಣ ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟ್ ಕರೆಂಟು. ಗ್ವಾಡಿ ಪ್ಲಗ್ಗಿನ 230 ವೋಲ್ಟ್ ನೇರ ಕೊಟ್ರ ಮೀಟರೂ ಹೋಗತದ, ಮನಷ್ಯಾನೂ ಹೋಗತಾನ. ತಿಳದವರು ಇಲ್ಲದ ಈ ಕೆಲಸಕ್ಕ ಕೈ ಹಾಕಬ್ಯಾಡ್ರಿ.

ಮುಳ್ಳು ಏರಿತು. 1500 ದಾಟಿತು. 2100ಕ್ಕ ಹೋಗಿ ನಿಂತತು.

ನಾನ ಪೆನ್ನು ತಗೊಂಡು ಲೆಕ್ಕ ಮಾಡಿದೆ. 1500ಕ್ಕ 2100 ತೋರಿಸಿದ್ರ, ಅದು 850 ಅಂದಾಗ ಇಂಜಿನ್ ಖರೇ ತಿರಗೂದು 600ರ ಆಸುಪಾಸು. ಅಷ್ಟು ನಿಧಾನ ಇಟ್ರ ಆ ಹಳೇ ಇಂಜಿನ್ ಸಿಗ್ನಲ್‌ನ್ಯಾಗ ಹೆಂಗ ಉಸಿರು ಹಿಡಿಬೇಕು? ಸೊಸಿ ಅಡಿಗಿ ಮನಿ ಬಾಗಲದಾಗ ನಿಂತು ನೋಡಲಿಕತ್ತಿದ್ಲು. ಆಕಿ ಏನೂ ಅನ್ನಲಿಲ್ಲ. ನನಗ ಮುಖ ಎತ್ತಲಿಕ್ಕೆ ಆಗಲಿಲ್ಲ.

ಮೀಟರಿನ ಹಿಂದ ಒಂದು ಸಣ್ಣ ಸ್ಕ್ರೂ ಇತ್ತು. ಅದನ್ನ ತಿರುವಿ 1500ಕ್ಕ ತಂದ. ಒಂದ ಕಡೆ ಸರಿ ಆದ್ರ ಸಾಲೂದಿಲ್ಲ, ತಕ್ಕಡಿಗೆ ಅರ್ಧ ಕೆಜಿನೂ ಇಟ್ಟು ನೋಡಬೇಕು, ಒಂದು ಕೆಜಿನೂ ಇಟ್ಟು ನೋಡಬೇಕು. ನಾಕು ಡಯೋಡ್ ಕೂಡಿಸಿದ್ರ ಅದೇ ಕರೆಂಟು ಸೆಕೆಂಡಿಗೆ 100 ಸಲ ಬಡಿತದ, ಆಗ 3000 ತೋರಿಸಬೇಕು. 3050 ತೋರಿಸಿತು. ಅಷ್ಟು ಸಾಕು. ಮರುದಿನ ಗ್ಯಾರೇಜಿನಾಗ ಕಾರ್ಬೊರೇಟರಿನ ಸ್ಕ್ರೂ ತಿರುವಿ ಖರೇ 850ಕ್ಕ ಇಟ್ರು.

ನಾ ಹೇಳೂದು ಇಷ್ಟ. ತಾಳಿ ನೋಡದ ಮೀಟರಿಗಿಂತ ಮೀಟರ್ ಇಲ್ಲದ್ದ ಛಲೋ. ಗ್ಯಾರೇಜಿನವನ ಕಿವಿ ಖರೇ ಹೇಳತಿತ್ತು, ಮುಳ್ಳು ಬಂದ ಮ್ಯಾಲೆ ಅವ ಕಿವಿ ಮುಚ್ಚಿದ. ನಮ್ಮ ಮೀಟರ್ ಹೆಚ್ಚು ಹೇಳತಿತ್ತು. ಕಡಿಮಿ ಹೇಳೂ ಮೀಟರಂತೂ ಇನ್ನೂ ಕೆಟ್ಟ, ಮುಳ್ಳು ಕೆಂಪು ಗೆರಿ ಮುಟ್ಟೋಕಿಂತ ಮೊದಲ ಇಂಜಿನ್ ಅದನ್ನ ದಾಟಿರತದ. ಹೊರಗಿಂದ ತಂದು ಕೂಡಿಸಿದ ಮೀಟರಿದ್ರ ಹಿಂದಿನ 4-6-8 ಸ್ವಿಚ್ ನಿಮ್ಮ ಸಿಲಿಂಡರಿಗೆ ಸರಿ ಅದನೋ ಇಲ್ಲೋ ಮೊದಲ ನೋಡಿಸ್ರಿ. ಹೊಸ ಕಾರಿನ ಮುಳ್ಳು ನಡಸೂದು ಒಳಗಿನ ಕಂಪ್ಯೂಟರ್, ಅದಕ್ಕ ಸ್ಕ್ರೂ ತಿರುವೂ ಕೆಲಸ ಇಲ್ಲ. ಸಂಶಯ ಬಂದ್ರ ಗ್ಯಾರೇಜಿನಾಗ ಸ್ಕ್ಯಾನರ್ ಹಚ್ಚಿ ತಾಳಿ ನೋಡತಾರ.

ಮತ್ತ ಒಂದು ಮಾತು. ಮಷೀನು ಹೇಳಿದ್ದು ಖರೇ, ಹೆಣ್ಣುಮಗಳ ಕೈ ತಪ್ಪು ಅಂತ ನಾವು ಎಷ್ಟು ಲಗೂನ ನಂಬತೀವಿ ನೋಡ್ರಿ! ಅದೂ ನಾವ, ಹೆಣ್ಣುಮಕ್ಕಳ.

ನಾ ಆಕಿ ಹತ್ರ ಹೋಗಿ, "ತಪ್ಪಾತವ್ವ" ಅಂದೆ. "ಇರಲಿ ಬಿಡ್ರಿ ಅತ್ತಿ" ಅಂದ್ಲು. ಮುಂದಿನ ಮಂಗಳವಾರ ಮೊಳಿಗೆ ಚಾವಿ ಇರಲಿಲ್ಲ. ಮಾರ್ಕೆಟ್ಟಿಗೆ ಹೋಗಿ ಬಂದಿದ್ಲು, ಜುಬಿಲಿ ಸರ್ಕಲ್ ಮ್ಯಾಲಿಂದನ.