ಮನಸ್ಸು ಓದುವವರ ಮೌನ

1906ರಲ್ಲಿ ಲಂಡನ್ನಿನ ರಂಗಮಂದಿರದಲ್ಲಿ ಜಾನ್ಸಿಗ್ ಎಂಬ ದಂಪತಿಗಳ ಆಟವೊಂದು ಭಾರಿ ಹೆಸರು ಮಾಡಿತು. ಹೆಂಡತಿ ವೇದಿಕೆಯ ಮೇಲೆ, ಗಂಡ ಸಭಿಕರ ನಡುವೆ. ಗಂಡ ಯಾರದೋ ಕೈಯಲ್ಲಿದ್ದ ವಸ್ತುವನ್ನು ನೋಡಿ ಪ್ರಶ್ನೆ ಕೇಳಿದರೆ, ಹೆಂಡತಿ ದೂರದಿಂದಲೇ ಅದು ಇಂಥದೆಂದು ಹೇಳಿಬಿಡುತ್ತಿದ್ದಳು. ಷರ್ಲಾಕ್ ಹೋಮ್ಸನ ಕಥೆಗಳನ್ನು ಬರೆದ ಕಾನನ್ ಡಾಯ್ಲ್ ಮಹಾಶಯರಂಥವರೇ ಜಾನ್ಸಿಗ್‌ನ ಆಟವನ್ನು ನಿಜವೆಂದು ನಂಬಿದರು. ಗುಟ್ಟು ಇದ್ದದ್ದು ಪ್ರಶ್ನೆಯ ಮಾತಿನಂಥ ಸಂಕೇತಗಳಲ್ಲಿ. ನಮ್ಮ ಮಾತಿನಲ್ಲಿ ಹೇಳುವುದಾದರೆ, "ಬೇಗ ಹೇಳು" ಎಂದರೆ ಗಡಿಯಾರ, "ಹೇಳು ನೋಡೋಣ" ಎಂದರೆ ಉಂಗುರ. 1924ರಲ್ಲಿ ಜಾನ್ಸಿಗ್‌ನೇ ಇದನ್ನು ಪತ್ರಿಕೆಯಲ್ಲಿ ಬಯಲು ಮಾಡಿದ. ಅಷ್ಟರಲ್ಲಿ ಹದಿನೆಂಟು ವರ್ಷ ಕಳೆದಿದ್ದವು!

ಆಟ ತಪ್ಪೆಂದು ನಾವು ಹೇಳುತ್ತಿಲ್ಲ. ಅಷ್ಟೊಂದು ಸಂಕೇತಗಳನ್ನು ಬಾಯಿಪಾಠ ಮಾಡುವುದು ಗಿರಣಿಯಲ್ಲಿ ಮಗ್ಗ ನಡೆಸುವಷ್ಟೇ ಕಷ್ಟದ ದುಡಿಮೆ. ಅದಕ್ಕೆ ಕೂಲಿ ಸಲ್ಲಲೇಬೇಕು. ಆದರೆ ಈ ಕಸುಬಿನವರದೊಂದು ವಾದವುಂಟು: "ನಮಗೆ ದಿವ್ಯಶಕ್ತಿ ಇದೆಯೆಂದು ನಾವೆಲ್ಲಿ ಹೇಳಿದೆವು? ಜನ ತಾವಾಗಿ ನಂಬಿದರು." ಅಂಗಡಿಕಾರ ಮಿತ್ರರೇ, ಗಿರಾಕಿ ಡಾಲ್ಡಾ ಡಬ್ಬಿಯನ್ನು ತುಪ್ಪವೆಂದು ತಿಳಿದು ತುಪ್ಪದ ಬೆಲೆ ಎಣಿಸಿಟ್ಟಾಗ, ತುಟಿ ಬಿಚ್ಚದೆ ಹಣವನ್ನು ಗಲ್ಲಾಪೆಟ್ಟಿಗೆಗೆ ಹಾಕಿಕೊಂಡವನನ್ನು ನೀವು ಏನೆಂದು ಕರೆಯುತ್ತೀರಿ? ಹೇಗೆ ಮಾಡಿದೆನೆಂಬ ಗುಟ್ಟನ್ನು ಆತ ಇಟ್ಟುಕೊಳ್ಳಲಿ. ಇದು ಬರೀ ಚಳಕವೆಂಬುದನ್ನು ಮುಚ್ಚಿಡುವ ಹಕ್ಕು ಆತನಿಗಿಲ್ಲ.

ನಾವು ಉಪಾಧ್ಯಾಯರಾಗಿದ್ದಾಗ ನಮ್ಮ ಶಾಲೆಯಲ್ಲೂ ಇಂಥದೊಂದು ಆಟ ನಡೆಯಿತು. ಮರುದಿನ ಬೆಳಿಗ್ಗೆ ಒಬ್ಬ ಹುಡುಗನ ತಾಯಿ ಬಂದು, "ಮೇಷ್ಟ್ರೇ, ಆ ಸ್ವಾಮಿಗಳು ಎಲ್ಲಿ ಇಳಿದಿದ್ದಾರೆ?" ಎಂದು ಕೇಳಿದಳು. ಅವಳ ಗಂಡ ಮನೆ ಬಿಟ್ಟು ಹೋಗಿ ಎರಡು ವರ್ಷವಾಗಿತ್ತು. ಹಿಂದಿನ ಸಂಜೆ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದ ನಮಗೆ, ಅದೆಲ್ಲ ಸುಳ್ಳಮ್ಮ ಎನ್ನಲು ಬಾಯಿ ಬರಲಿಲ್ಲ. ಛತ್ರದ ದಾರಿ ತೋರಿಸಿದೆವು. ಆತ ಹಣ ಕೇಳಲಿಲ್ಲವಂತೆ. ಅವಳೇ ಇಟ್ಟಳು, ಆತ ಹಿಂದಕ್ಕೆ ಕೊಡಲಿಲ್ಲ. "ಉತ್ತರ ದಿಕ್ಕಿನಲ್ಲಿದ್ದಾನೆ" ಎಂದನಂತೆ. ಉತ್ತರವೆಂದರೆ ಹಿಮಾಲಯದವರೆಗೂ ಉತ್ತರವೇ!

ಟಿಕೆಟ್ಟಿನ ದುಡ್ಡು ಒಂದು ಸಂಜೆಗೆ ತೀರುತ್ತದೆ. ನಂಬಿಕೆ ತೀರುವುದಿಲ್ಲ. ಇವನು ಉತ್ತು ಹೋದ ಹೊಲದಲ್ಲಿ ಮುಂದಿನ ವಾರ ಬರುವ ಅಂಜನ ಹಾಕುವವನು, ತಾಯಿತ ಮಾರುವವನು ಪೈರು ಕೊಯ್ದುಕೊಳ್ಳುತ್ತಾರೆ. ಕಾಣಿಕೆ ಹೋಗುವುದು ಕೂಲಿಯವನ ಪಗಾರದಿಂದಲೇ.

ಪವಾಡಗಳನ್ನು ಪರೀಕ್ಷಿಸಲು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಸಮಿತಿಯನ್ನೇ ರಚಿಸಬೇಕಾಯಿತು. ಆಟಗಾರನ ಬಾಯಿಂದ ಒಂದು ಮಾತು ಬರಲು ಯಾವ ಸಮಿತಿಯೂ ಬೇಡ. ಸಂಘದ ವಾರ್ಷಿಕೋತ್ಸವಕ್ಕೆ, ಗಣೇಶೋತ್ಸವಕ್ಕೆ ಇಂಥವರನ್ನು ಕರೆಸುವ ಗೆಳೆಯರು ಮೊದಲೇ ಕರಾರು ಮಾಡಿಕೊಳ್ಳಲಿ: ಆಟಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ, ಇದು ಚಳಕವೆಂದು ಕನ್ನಡದಲ್ಲಿ, ಹಿಂದಿನ ಸಾಲಿಗೂ ಕೇಳುವಂತೆ ಹೇಳಬೇಕು. ಒಪ್ಪದವನಿಗೆ ಮುಂಗಡ ಕೊಡಬೇಡಿ.