ನೊಣ ಹಿಡಿಯುವ ಗಿಡವೂ ಅದನ್ನು ಸಾಕುವ ಸಂಸಾರವೂ

ಕೀಟಗಳನ್ನು ಹಿಡಿದು ಜೀರ್ಣಿಸಿಕೊಳ್ಳುವ ಗಿಡವೆಂದೊಡನೆ ನಮ್ಮ ಮನಸ್ಸಿನಲ್ಲಿ ಮೂಡುವುದು ಕ್ರೌರ್ಯದ ಚಿತ್ರ. ಆದರೆ ಇಂತಹ ಗಿಡಗಳನ್ನು ಬೆಳೆಸಿ ಮಾರುವ ಸಣ್ಣ ಸಸಿತೋಟವೊಂದರ ದಿನಚರಿಯನ್ನು ಬಲ್ಲವರು ಅಲ್ಲಿ ಮೊದಲು ಕಾಣುವುದು ತಾಳ್ಮೆಯನ್ನು. ಅಂತಹ ತೋಟಗಳನ್ನು ನಡೆಸುವ ಸಂಸಾರಗಳಿಗೆ ವಿಜ್ಞಾನಪ್ರಿಯರಾದ ನಾವು ಋಣಿಗಳೆಂಬುದು ನನ್ನ ಅಭಿಪ್ರಾಯ.

ಕೀಟಾಹಾರಿ ಸಸ್ಯಗಳು ಸಾಮಾನ್ಯವಾಗಿ ಬೆಳೆಯುವುದು ಸಾರಜನಕದ ಲವಣಗಳು ತೀರ ಕಡಮೆಯಿರುವ ತೇವದ ನೆಲದಲ್ಲಿ. ಬೇರಿಗೆ ದೊರೆಯದುದನ್ನು ಎಲೆಯೇ ಸಂಪಾದಿಸಬೇಕು. ಆದುದರಿಂದಲೇ ಎಲೆ ಬಲೆಯಾಯಿತು. ಇದನ್ನರಿಯದೆ ಕುಂಡಕ್ಕೆ ಗೊಬ್ಬರವಿಕ್ಕಿ ಗಡಸು ನೀರನ್ನೆರೆದರೆ ಗಿಡ ಸೊರಗಿ ಸಾಯುವುದು. ಸಾಕುವವರು ಮಳೆಯ ನೀರನ್ನು ಶೇಖರಿಸಿಡಬೇಕು. ವೀನಸ್ ಫ್ಲೈಟ್ರ್ಯಾಪ್ ಎಂಬ ಗಿಡವು ಬೀಜದಿಂದ ಬೆಳೆದು ಪ್ರೌಢವಾಗಲು ಮೂರು ನಾಲ್ಕು ವರ್ಷಗಳಾದರೂ ಬೇಕು. ಅಷ್ಟು ಕಾಲ ಫಲವಿಲ್ಲದೆ ಕಾಯಬಲ್ಲವರು ಮನೆಮಂದಿಯೇ ಸರಿ.

ಈ ಗಿಡಗಳ ಶಾಸ್ತ್ರವೂ ಒಂದು ಮನೆಯಲ್ಲಿಯೇ ಬೆಳೆಯಿತೆಂಬುದನ್ನು ಮರೆಯಬಾರದು. 1860ರ ಬೇಸಗೆಯಲ್ಲಿ ಚಾರ್ಲ್ಸ್ ಡಾರ್ವಿನ್ನನು ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಡ್ರಾಸಿರಾ ಗಿಡದ ಎಲೆಗಳಿಗೆ ಅಂಟಿಕೊಂಡಿದ್ದ ಕೀಟಗಳನ್ನು ಕಂಡು ಬೆರಗಾದನು. 1875ರಲ್ಲಿ ಅವನ ಗ್ರಂಥ ಹೊರಬಂದಾಗ ಅದರ ಚಿತ್ರಗಳನ್ನು ಬರೆದುಕೊಟ್ಟವರು ಮಕ್ಕಳಾದ ಜಾರ್ಜ್ ಮತ್ತು ಫ್ರಾನ್ಸಿಸ್. ಕೀಟಾಹಾರದಿಂದ ಗಿಡಕ್ಕೆ ನಿಜವಾಗಿಯೂ ಲಾಭವುಂಟೆ? 1878ರಲ್ಲಿ ಫ್ರಾನ್ಸಿಸನೇ ಇದಕ್ಕೆ ಉತ್ತರವಿತ್ತನು. ಹುರಿದ ಮಾಂಸದ ಸಣ್ಣ ಚೂರುಗಳನ್ನುಂಡ ಡ್ರಾಸಿರಾ ಗಿಡಗಳು ಉಪವಾಸವಿದ್ದ ಗಿಡಗಳಿಗಿಂತ ಎರಡು ಪಟ್ಟಿಗೂ ಹೆಚ್ಚು ಬೀಜಗಳನ್ನು ಕೊಟ್ಟಿದ್ದುವು.

ಸಸಿತೋಟದಲ್ಲಿ ದುಡಿಯುವವರು ಮನುಷ್ಯರಷ್ಟೇ ಅಲ್ಲ. ಫ್ಲೈಟ್ರ್ಯಾಪಿನ ಹೂವು ಬಲೆಗಳಿಂದ ದೂರದಲ್ಲಿ, ಎತ್ತರದ ದಂಟಿನ ತುದಿಯಲ್ಲಿ ಅರಳುತ್ತದೆ. ಅದರ ತವರು ನೆಲದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪರಾಗವನ್ನು ಹೊತ್ತು ತರುವ ಮುಖ್ಯ ಕೀಟಗಳಾದ ಹಸಿರು ಬಣ್ಣದ ಒಂದು ಜೇನು ಮತ್ತು ಎರಡು ಬಗೆಯ ದುಂಬಿಗಳು ಬಲೆಗಳಲ್ಲಿ ಸಿಕ್ಕಿರಲಿಲ್ಲ. ಅತಿಥಿ ಬೇರೆ, ಆಹಾರ ಬೇರೆ! ಹೂ ಬಿಟ್ಟ ಕಾಲದಲ್ಲಿ ಕೀಟನಾಶಕವನ್ನು ಸಿಂಪಡಿಸುವ ತೋಟಗಾರನು ಗಿಡದ ಊಟವನ್ನೂ ನೆಂಟರನ್ನೂ ಒಟ್ಟಿಗೆ ಕಳೆದಂತಾಗುವುದು.

ಇಷ್ಟೆಲ್ಲ ಶ್ರಮವನ್ನು ಒಬ್ಬ ಕಳ್ಳನು ಒಂದು ಗುದ್ದಲಿಯಿಂದ ತಪ್ಪಿಸಿಕೊಳ್ಳಬಲ್ಲನು. ಫ್ಲೈಟ್ರ್ಯಾಪಿನ ತವರು ಅಮೆರಿಕದ ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾಗಳ ಕರಾವಳಿ ಬಯಲು ಮಾತ್ರ. ಅಲ್ಲಿಂದ ಅದನ್ನು ಕಿತ್ತು ಮಾರುವ ಹಾವಳಿ ಹೆಚ್ಚಿದುದರಿಂದ ಉತ್ತರ ಕ್ಯಾರೊಲಿನಾದ ಶಾಸನವು 2014ರ ಡಿಸೆಂಬರಿನಿಂದ ಆ ಕಳವನ್ನು ಗುರುತರ ಅಪರಾಧವೆಂದು ಪರಿಗಣಿಸಿದೆ. ನಮ್ಮ ಮೇಘಾಲಯದ ಹೂಜಿಗಿಡವನ್ನು ಗಾರೋ ಜನರು ಭೂತದ ಬುಟ್ಟಿಯೆಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ಅದೂ ಅಳಿವಿನ ಅಂಚಿನಲ್ಲಿರುವುದರಿಂದ ಅಂತರರಾಷ್ಟ್ರೀಯ ಒಪ್ಪಂದವು ಕಾಡಿನಿಂದ ತಂದ ಅದರ ವ್ಯಾಪಾರವನ್ನು ನಿಷೇಧಿಸಿದೆ.

ಗಿಡ ಮಾರುವುದರಿಂದಲೇ ಆಸೆ ಕೆರಳುವುದಲ್ಲವೆ, ಮಾರಾಟವನ್ನೇ ನಿಲ್ಲಿಸಬಾರದೆ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಆಸೆ ಹುಟ್ಟಿಯಾಗಿದೆ. ನ್ಯಾಯವಾದ ದಾರಿ ಮುಚ್ಚಿದರೆ ಅದು ಕಳ್ಳದಾರಿ ಹಿಡಿಯುವುದು. ಬೀಜದಿಂದಲೋ, ಎಲೆಯ ತುಂಡಿನಿಂದಲೋ, ಪ್ರಯೋಗಶಾಲೆಯ ಅಂಗಾಂಶ ಕೃಷಿಯಿಂದಲೋ ಬೆಳೆಸಿದ ಪ್ರತಿಯೊಂದು ಸಸಿಯೂ ಕಾಡಿನ ಒಂದು ಗಿಡವನ್ನು ಉಳಿಸಬಲ್ಲದು. ಆದರೆ ಕೊಳ್ಳುವವನು ಒಂದು ಪ್ರಶ್ನೆಯನ್ನು ಕೇಳಲೇಬೇಕು: ‘ಈ ಗಿಡ ಎಲ್ಲಿ ಹುಟ್ಟಿತು?’ ಬೆಳೆಸಿದವನು ಸಂತೋಷದಿಂದ ಕಥೆಯನ್ನೇ ಹೇಳಿಯಾನು. ಕಿತ್ತು ತಂದವನು ಮಾತು ಮರೆಸಿಯಾನು.

ವಿದ್ಯಾರ್ಥಿ ಮಿತ್ರರೇ, ನಮ್ಮ ಪಶ್ಚಿಮ ಘಟ್ಟಗಳ ಜಂಬಿಟ್ಟಿಗೆಯ ಬಯಲುಗಳಲ್ಲಿಯೂ ಡ್ರಾಸಿರಾ ಮತ್ತು ಯುಟ್ರಿಕ್ಯುಲೇರಿಯಾ ಗಿಡಗಳುಂಟು. ಮಳೆಗಾಲ ಕಳೆಯುವ ಮುನ್ನ ಹೋಗಿ ಮೊಣಕಾಲೂರಿ ನೋಡಿರಿ, ಚಿತ್ರ ಬರೆದುಕೊಳ್ಳಿರಿ. ಕೀಳಬೇಡಿರಿ. ಮುಂದಿನ ವರ್ಷ ಅದೇ ತಾಣಕ್ಕೆ ಬರುವ ಮತ್ತೊಬ್ಬ ವಿದ್ಯಾರ್ಥಿಗೂ ಅವು ಕಾಣಲಿ.