ಬಿಡಿಸದೆ ಬಿಟ್ಟ ಸುಳ್ಳು ಸುಳಿವು

ಪತ್ತೇದಾರಿ ಕಥೆಗೂ ಒಂದು ಧರ್ಮವಿದೆ. ಓದುಗನ ದಾರಿ ತಪ್ಪಿಸಲು ಲೇಖಕ ಎಷ್ಟು ಸುಳ್ಳು ಸುಳಿವುಗಳನ್ನಾದರೂ ಚೆಲ್ಲಬಹುದು, ನಿರಪರಾಧಿಯ ಮೇಲೆ ಸಂಶಯ ಹುಟ್ಟಿಸಬಹುದು. ಆದರೆ ಕಥೆ ಮುಗಿಯುವುದರೊಳಗೆ ಪ್ರತಿಯೊಂದು ಗಂಟನ್ನೂ ಬಿಡಿಸಿ, ವೃಥಾ ಸಂಶಯಕ್ಕೆ ಗುರಿಯಾದವರನ್ನು ದೋಷಮುಕ್ತಗೊಳಿಸಬೇಕು.

ಅಗಾಥಾ ಕ್ರಿಸ್ಟಿ ಈ ಧರ್ಮವನ್ನು ಬಲ್ಲವರು. 1934ರಲ್ಲಿ ಪ್ರಕಟವಾದ ಅವರ ‘ಮರ್ಡರ್ ಆನ್ ದಿ ಓರಿಯೆಂಟ್ ಎಕ್ಸ್‌ಪ್ರೆಸ್’ ಕಾದಂಬರಿಯಲ್ಲಿ ಇಸ್ತಾಂಬುಲ್‌ನಿಂದ ಹೊರಟ ರೈಲು ಯುಗೊಸ್ಲಾವಿಯದ ಹಿಮದಲ್ಲಿ ಸಿಕ್ಕಿಬೀಳುತ್ತದೆ. ಹನ್ನೆರಡು ಇರಿತಗಳಿಂದ ಒಬ್ಬ ಪ್ರಯಾಣಿಕ ಸತ್ತಿರುತ್ತಾನೆ. ‘ಎಚ್’ ಅಕ್ಷರವಿರುವ ಕರವಸ್ತ್ರ, ಪೈಪ್ ಶುಚಿಗೊಳಿಸುವ ಕಡ್ಡಿ, ಸಮವಸ್ತ್ರದ ಗುಂಡಿ, ಕೆಂಪು ಕಿಮೋನೊ, 1.15ಕ್ಕೆ ನಿಂತ ಗಡಿಯಾರ – ಹೀಗೆ ಸುಳಿವುಗಳ ರಾಶಿಯೇ ಇದೆ. ಪತ್ತೇದಾರ ಪೊಯ್ರೊ ಒಂದೊಂದಕ್ಕೂ ಲೆಕ್ಕ ಒಪ್ಪಿಸುತ್ತಾನೆ. ಕರವಸ್ತ್ರದ ಮೇಲಿನದು ‘ಎಚ್’ ಅಲ್ಲ, ರಷ್ಯನ್ ಲಿಪಿಯ ‘ಎನ್’ ಎಂಬುದೂ ಬಯಲಾಗುತ್ತದೆ. ಸತ್ತವನು ಮಗುವೊಂದನ್ನು ಅಪಹರಿಸಿ ಕೊಂದು, ಶಿಕ್ಷೆಯಿಂದ ಪಾರಾಗಿದ್ದವನು. ಇರಿದವರು ಆ ಮಗುವಿನ ಕುಟುಂಬಕ್ಕೆ ಬೇಕಾದವರು.

ಇದೇ ಕಥೆಯನ್ನು ಬ್ರಿಟನ್ನಿನ ಐಟಿವಿ ವಾಹಿನಿ 2010ರಲ್ಲಿ, ಡೇವಿಡ್ ಸುಶೇ ಪೊಯ್ರೊ ಆಗಿ ನಟಿಸಿದ ಸರಣಿಯಲ್ಲಿ ತೆರೆಗೆ ತಂದಿತು. ಅದರಲ್ಲಿ ಕಾದಂಬರಿಯಲ್ಲಿ ಎಲ್ಲಿಯೂ ಇಲ್ಲದ ದೃಶ್ಯವೊಂದಿದೆ. ರೈಲು ಹತ್ತುವ ಮೊದಲೇ, ಇಸ್ತಾಂಬುಲ್‌ನ ಬೀದಿಯಲ್ಲಿ, ವ್ಯಭಿಚಾರದ ಆರೋಪ ಹೊತ್ತ ಹೆಣ್ಣೊಬ್ಬಳನ್ನು ಗುಂಪೊಂದು ಅಟ್ಟಿಸಿಕೊಂಡು ಹೋಗಿ ಕಲ್ಲೆಸೆಯುತ್ತದೆ. ಆ ಸಮಾಜದ ನಿಯಮ ಅವಳಿಗೆ ತಿಳಿದಿತ್ತು ಎಂಬ ಧಾಟಿಯಲ್ಲಿ ಪೊಯ್ರೊ ನಂತರ ಮಾತಾಡುತ್ತಾನೆ.

ಯಾವ ನಿಯಮ? ಕಥೆ ನಡೆಯುವುದು 1930ರ ದಶಕದಲ್ಲಿ. ಟರ್ಕಿ 1926ರಲ್ಲೇ ಸ್ವಿಟ್ಜರ್ಲೆಂಡಿನ ಮಾದರಿಯ ನಾಗರಿಕ ಸಂಹಿತೆಯನ್ನೂ ಇಟಲಿಯ ಮಾದರಿಯ ದಂಡ ಸಂಹಿತೆಯನ್ನೂ ಜಾರಿಗೆ ತಂದಿತ್ತು. ಅಲ್ಲಿನ ಮಹಿಳೆಯರಿಗೆ 1930ರಲ್ಲಿ ಸ್ಥಳೀಯ ಚುನಾವಣೆಗಳಲ್ಲಿ, 1934ರಲ್ಲಿ ಸಂಸತ್ ಚುನಾವಣೆಯಲ್ಲಿ ಮತದಾನದ ಹಕ್ಕು ದೊರೆತಿತ್ತು. ಒಟ್ಟೋಮನ್ ಇಸ್ತಾಂಬುಲ್‌ನಲ್ಲಿ ಕಲ್ಲೆಸೆದು ಕೊಂದ ಪ್ರಕರಣವೆಂದು ಇತಿಹಾಸಕಾರರು ಮತ್ತೆ ಮತ್ತೆ ಹೆಸರಿಸುವುದು 1680ರ ಒಂದು ಘಟನೆಯನ್ನು. ರೈಲಿನ ಬೋಗಿ, ಟೋಪಿ, ಚಹಾದ ಬಟ್ಟಲು ಎಲ್ಲವೂ ಆ ಕಾಲಕ್ಕೆ ಸರಿಹೊಂದಬೇಕೆಂದು ಶ್ರಮಿಸುವವರು ಒಂದು ಜನಾಂಗದ ವಿಷಯದಲ್ಲಿ ಮಾತ್ರ ಶತಮಾನಗಳನ್ನೇ ಮರೆತದ್ದು ಹೇಗೆ?

ಇನ್ನು ಧರ್ಮದ ಮಾತು. ಹೆಣ್ಣಿನ ಶೀಲದ ಮೇಲೆ ಆರೋಪ ಹೊರಿಸುವವರು ನಾಲ್ವರು ಸಾಕ್ಷಿಗಳನ್ನು ತರಬೇಕು, ತಾರದಿದ್ದರೆ ಆರೋಪಿಸಿದವರಿಗೇ ಎಂಬತ್ತು ಛಡಿಯೇಟು ಎಂದು ಸೂರಃ ಅನ್ನೂರ್‌ನ ನಾಲ್ಕನೇ ವಚನ ವಿಧಿಸುತ್ತದೆ. ಬೀದಿಯ ಗುಂಪಿಗೆ ಅದು ಯಾವ ಅಧಿಕಾರವನ್ನೂ ಕೊಟ್ಟಿಲ್ಲ. ಮುಸ್ಲಿಮರಲ್ಲಿ ಇಂತಹ ಕ್ರೌರ್ಯ ಎಲ್ಲಿಯೂ ನಡೆದಿಲ್ಲವೆಂದು ನಾವು ವಾದಿಸುವುದಿಲ್ಲ. ನಡೆದಿದೆ, ಅದನ್ನು ಖಂಡಿಸಲೇಬೇಕು. ಆದರೆ ನಡೆದದ್ದನ್ನು ತೋರಿಸುವುದು ಬೇರೆ, ನಡೆಯದಿದ್ದುದನ್ನು ನಡೆಯದ ಊರಿಗೆ ಅಂಟಿಸುವುದು ಬೇರೆ.

ರೈಲಿನೊಳಗಿನ ಹನ್ನೆರಡು ಮಂದಿ ತಾವೇ ನ್ಯಾಯಾಧೀಶರಾಗುವುದಕ್ಕೆ ಬೀದಿಯ ಗುಂಪು ಕನ್ನಡಿ, ಹಾಗಾಗಿ ಈ ದೃಶ್ಯ ಅಗತ್ಯವಿತ್ತು ಎಂದು ಸಮರ್ಥಿಸುವವರಿದ್ದಾರೆ. ಕನ್ನಡಿ ಬೇಕಿದ್ದರೆ ಇಸ್ತಾಂಬುಲ್‌ಗೆ ಹೋಗಬೇಕಾಗಿರಲಿಲ್ಲ. 1933ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ, ಯುವಕನೊಬ್ಬನನ್ನು ಅಪಹರಿಸಿ ಕೊಂದ ಆರೋಪಿಗಳಿಬ್ಬರನ್ನು ಜನರ ಗುಂಪು ಜೈಲಿನಿಂದ ಎಳೆತಂದು ಮರಕ್ಕೆ ನೇತುಹಾಕಿತು. ಗವರ್ನರ್ ಜೇಮ್ಸ್ ರಾಲ್ಫ್ ಅದನ್ನು ಬಹಿರಂಗವಾಗಿ ಹೊಗಳಿದರು. ಕಾದಂಬರಿಯ ಅಪಹರಣವೂ ಅಮೆರಿಕದ್ದೇ. ಇದಕ್ಕಿಂತ ಒಪ್ಪುವ ಕನ್ನಡಿ ಯಾವುದಿತ್ತು? ಆದರೆ ಅದರಲ್ಲಿ ಕಾಣುವುದು ಅವರದೇ ಮುಖ!

ಇದೇ ಚಿತ್ರದಲ್ಲಿ ಪೊಯ್ರೊನ ಕೈಯಲ್ಲಿ ಜಪಮಾಲೆಯಿದೆ, ಪ್ರಾರ್ಥನೆಯಿದೆ, ಕೊನೆಗೆ ಕಣ್ಣೀರೂ ಇದೆ. ಯುರೋಪಿನವರ ಧರ್ಮ ಆತ್ಮಸಾಕ್ಷಿಯ ತೊಳಲಾಟ, ಪೂರ್ವದವರ ಧರ್ಮ ಕೈಯಲ್ಲಿನ ಕಲ್ಲು! ಕೊಲೆಗಾರರಿಗೆ ಹೆಸರುಂಟು, ದುಃಖವುಂಟು, ವಾದ ಮಂಡಿಸಲು ಅವಕಾಶವುಂಟು. ಇಸ್ತಾಂಬುಲ್‌ನ ಆ ಹೆಣ್ಣಿಗೆ ತನ್ನ ಕಥೆಯನ್ನು ಹೇಳಿಕೊಳ್ಳುವ ಅವಕಾಶವಾದರೂ ಇದೆಯೇ?

ಮೂಲಕ್ಕೆ ಹೊಸ ದೃಶ್ಯ ಸೇರಿಸುವುದೇ ತಪ್ಪೆಂದು ನಮ್ಮ ಅಭಿಪ್ರಾಯವಲ್ಲ. ಇದೇ ಕಾದಂಬರಿಯನ್ನಾಧರಿಸಿದ 2017ರ ಕೆನೆತ್ ಬ್ರಾನಾ ಅವರ ಚಲನಚಿತ್ರವೂ ಮೂಲದಲ್ಲಿಲ್ಲದ ಪ್ರಸಂಗದಿಂದಲೇ ಆರಂಭವಾಗುತ್ತದೆ. ಜೆರುಸಲೇಮಿನ ಕಳ್ಳತನವೊಂದರಲ್ಲಿ ಪಾದ್ರಿ, ಯಹೂದಿ ಗುರು, ಇಮಾಮ್ ಮೂವರ ಮೇಲೂ ಸಂಶಯ ಬರುತ್ತದೆ. ಕಳ್ಳ ಪೊಲೀಸ್ ಅಧಿಕಾರಿ ಎಂದು ಪೊಯ್ರೊ ಬಯಲಿಗೆಳೆಯುತ್ತಾನೆ, ಮೂವರೂ ದೋಷಮುಕ್ತರಾಗುತ್ತಾರೆ. ಸುಳ್ಳು ಸುಳಿವನ್ನು ಹೀಗೂ ಬಳಸಬಹುದು.

2010ರ ಚಿತ್ರದಲ್ಲಿ ಮಾತ್ರ ಎಲ್ಲ ಗಂಟುಗಳೂ ಬಿಚ್ಚಿದ ಮೇಲೆ ಒಂದು ಗಂಟು ಹಾಗೆಯೇ ಉಳಿಯುತ್ತದೆ. ಕೊಲೆಗಾರ ಯಾರೆಂಬುದನ್ನು ನೋಡುಗ ಮರೆತರೂ ಮರೆಯಬಹುದು, ‘ಅವರು ಹಾಗೆಯೇ’ ಎಂಬ ಭಾವನೆ ಮನಸ್ಸಿನಲ್ಲಿ ಕುಳಿತುಬಿಡುತ್ತದೆ. ರೈಲಿನೊಳಗೆ ಸಂಶಯಕ್ಕೆ ಗುರಿಯಾದವರ ಲೆಕ್ಕವನ್ನು ಪೊಯ್ರೊ ತೀರಿಸಿದ. ಬೀದಿಯಲ್ಲಿ ಆರೋಪ ಹೊತ್ತು ನಿಂತ ಜನಾಂಗದ ಲೆಕ್ಕವನ್ನು ತೀರಿಸುವವರು ಯಾರು? ನೋಡುಗರಾದ ನಾವೇ ತೀರಿಸಬೇಕು, ತೆರೆಯ ಮೇಲೆ ಕಂಡದ್ದಕ್ಕೆಲ್ಲ ಸಾಕ್ಷಿ ಕೇಳುವ ಮೂಲಕ.